ಹುಷಾರಿಲ್ಲ, ಬಂದು ಹೋಗು

ಹೊಸದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಪರವೂರಿನವರಿಗೆ ಫೋನ್ ಮಾಡುವುದು ಟೈಲರ್ ಶಾಹಿದನ ಕೆಲಸ. ಯಾರೂ ಕರೆದು ಕೊಟ್ಟ ಕೆಲಸವಲ್ಲ, ಅವನೇ ಮೈಮೇಲೆ ಎಳೆದುಕೊಂಡದ್ದು. ಮಿಷನ್ನಿನ ಮೇಲೆ ಅರ್ಧ ಹೊಲಿದ ಬ್ಲೌಸನ್ನು ಹಾಗೇ ಬಿಟ್ಟು ಎದ್ದು ಬರುತ್ತಾನೆ, ನಂಬರು ಇಸಿದುಕೊಳ್ಳುತ್ತಾನೆ, ಆ ಕಡೆಯವರು ಹಲೋ ಅಂದರೋ ಇಲ್ಲವೋ ಹೇಳಿಬಿಡುತ್ತಾನೆ. “ನಿಮ್ ತಂದೆ ತೀರ್ಕಂಡ್ರು ಕಣ್ರಿ. ಬೆಳಿಗ್ಗೆ ಎಂಟು ಗಂಟೆಗೆ. ನಿಧಾನಕ್ಕೆ ಬರ್ರಿ.”

ಕೇಳಿದವರಿಗೆ ಮೈ ಉರಿಯುತ್ತದೆ. “ಏನ್ ಬಾಯಪ್ಪ ಇವಂದು! ಒಂಚೂರು ನಯ ಬ್ಯಾಡ್ವಾ? ಹೆಣ್ಮಗಳು, ಅಲ್ಲೇ ಬಿದ್ದುಗಿದ್ದು ಹೋದ್ರೆ?” ಅನ್ನುತ್ತಾರೆ. ಹಡಗಿನಲ್ಲಿದ್ದು ಬಂದ ಮೇಲೆ ಕಲ್ಲೆದೆಯವನಾದ ಅಂತಲೂ ಅನ್ನುತ್ತಾರೆ. ಅನ್ನಲಿ ಬಿಡಿ, ಅನ್ನುವವರಿಗೇನು, ಅಂದು ಮನೆಗೆ ಹೋಗಿ ಉಂಡು ಮಲಗುತ್ತಾರೆ.

ನಮ್ಮ ಕಡೆ ಸತ್ತವರನ್ನು ಸತ್ತರು ಅನ್ನುವ ಬಾಯಿ ಯಾರಿಗೂ ಇಲ್ಲ, ನೋಡಿ. ದೂರದಲ್ಲಿರುವ ಮಗನಿಗೋ ಮಗಳಿಗೋ ಫೋನ್ ಹಚ್ಚಿದರೆ “ಸ್ವಲ್ಪ ಹುಷಾರಿಲ್ಲ, ಬಂದು ಹೋಗು” ಅನ್ನುತ್ತಾರೆ. ಆ ಹೊತ್ತಿಗೆ ಹೆಣ ಹೊರಗೆ ಬಂದಿರುತ್ತದೆ, ಬೀದಿಯವರೆಲ್ಲ ಸೇರಿರುತ್ತಾರೆ. “ಒಂದ್ನಿಮ್ಷ ಫೋನ್ ಕೊಡ್ರಿ, ಮಾತಾಡ್ತೀನಿ” ಅಂದರೆ “ಈಗ್ತಾನೆ ಮಲಗ್ಯಾರೆ” ಅನ್ನುತ್ತಾರೆ. ಹಿಂದೂಗಳ ಮನೆಯಾಗಲಿ ಸಾಬರ ಮನೆಯಾಗಲಿ, ಇದರಲ್ಲಿ ಮಾತ್ರ ಭೇದವಿಲ್ಲ. ಒಬ್ಬನೇ ಬಸ್ಸಿನಲ್ಲಿ ಬರುವವನ ಎದೆ ದಾರಿಯಲ್ಲೇ ಒಡೆಯದಿರಲಿ ಎನ್ನುವ ಕನಿಕರ ಅದು. ಹಾಳು ಕನಿಕರ! ಶಾಹಿದನ ಮನೆಯಲ್ಲಿ ಅದು ಮಾಡಿದ್ದನ್ನು ಹಗೆಯೂ ಮಾಡಲಾರ.

ಮನೆಯೆಂದರೆ ಹಾಸಿಗೆ ಮೌಲಾ ಸಾಬರ ಮನೆ. ಪಾಳೇಗಾರರ ಕಾಲದಿಂದ ಈ ಸೀಮೆಯಲ್ಲಿ ಹತ್ತಿ ಬಡಿದು ಹಾಸಿಗೆ ದಿಂಬು ಹೊಲಿದುಕೊಂಡು ಬಂದವರು, ಮನೆಮಾತು ಕನ್ನಡವೇ. ಮೌಲಾ ಸಾಬರಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಹಫೀಜ್ ಅಪ್ಪನ ಅಂಗಡಿಯಲ್ಲೇ ಕೂತ. ಚಿಕ್ಕವನಾದ ಶಾಹಿದನಿಗೆ ಹತ್ತಿಯ ಧೂಳಿಗೆ ಕೆಮ್ಮು ಬರುತ್ತಿತ್ತು, ಅವನು ಹೊಲಿಗೆ ಕಲಿತು ದುರ್ಗದ ಒಂದು ಟೈಲರ್ ಅಂಗಡಿಗೆ ಸೇರಿದ. ತಾಯಿ ಪ್ಯಾರಿ ಬೀ ಹಳೇ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಕೌದಿ ಹೊಲಿಯುತ್ತಿದ್ದಳು. ಅವಳ ಹೊಲಿಗೆ ಇರುವೆ ಸಾಲು ಹೋದ ಹಾಗೆ ನೆಟ್ಟಗೆ ಹೋಗುತ್ತಿತ್ತು.

ಹದಿನೈದು ವರ್ಷದ ಹಿಂದೆ ಒಂದು ಬೆಳಿಗ್ಗೆ ದುರ್ಗದ ಅಂಗಡಿಗೆ ಹಫೀಜನ ಫೋನ್ ಬಂತು. “ಅಪ್ಪಗೆ ಸ್ವಲ್ಪ ಹುಷಾರಿಲ್ಲ ಕಣೋ. ಬಂದ್ ಹೋಗು.” ಶಾಹಿದನಿಗೆ ಆಗ ಇಪ್ಪತ್ತೆರಡು. ಹುಷಾರಿಲ್ಲ ಅಂದರೆ ಹುಷಾರಿಲ್ಲ ಅಂತಲೇ ತಿಳಿದ, ಪಾಪ. ಹೊಳಲ್ಕೆರೆಯಲ್ಲಿ ಬಸ್ ಬದಲಿಸಬೇಕಿತ್ತು. ಅಪ್ಪನಿಗೆ ಅಂತ ಅರ್ಧ ಡಜನ್ ಮೋಸಂಬಿ ಆರಿಸಿ ತೆಗೆದುಕೊಂಡ. ಮುಂದಿನ ಬಸ್ಸಿಗೆ ಹೊತ್ತಿದೆ ಅಂತ ಗೊತ್ತಾದ ಮೇಲೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದ. ಬಿಸಿಬಿಸಿ ಇದ್ದವೆಂದು ಇನ್ನೊಂದು ಪ್ಲೇಟು ಹೇಳಿದ. ಮೇಲೆ ಟೀ ಕುಡಿದ. ಬೀದಿಗೆ ಕಾಲಿಟ್ಟರೆ ಸಾಲುಸಾಲು ಬಿಳಿ ಟೋಪಿಗಳು. ಅಪ್ಪನಿಗೆ ಕಫನ್ ಉಡಿಸಿ ಆಗಿತ್ತು, ಇವನಿಗಾಗಿ ಕಾಯುತ್ತಿದ್ದರು. ಯಾರೋ ಮೆಲ್ಲಗೆ ಅವನ ಕೈಯಿಂದ ಹಣ್ಣಿನ ಚೀಲ ಇಸಿದುಕೊಂಡರು. ಜನಾಜಕ್ಕೆ ಹೆಗಲು ಕೊಟ್ಟು ನಡೆಯುವಾಗಲೂ ಅವನ ಎದೆಯಲ್ಲಿ ಆ ಮೆಣಸಿನಕಾಯಿ ಉರಿಯುತ್ತಿತ್ತು.

ಮೂರನೇ ದಿನದ ಫಾತಿಹಾ ಮುಗಿದ ಮೇಲೆ ಅಮ್ಮನನ್ನು ಕೇಳಿದ. “ಯಾಕಮ್ಮ ಸುಳ್ ಹೇಳ್ಸಿದೆ? ನಾನ್ ಅಲ್ಲಿ ಕುಂತು ಬಜ್ಜಿ ತಿಂತಿದ್ನಲ್ಲಮ್ಮ.”

ಪ್ಯಾರಿ ಬೀ ಅವನ ತಲೆ ನೇವರಿಸಿದಳು. “ನಾನೇ ಹೇಳ್ಸಿದ್ದು ಕಣಪ್ಪ. ಬಸ್ಸಲ್ಲಿ ಒಬ್ನೇ ಬರೋನು, ಅತ್ಕಂಡ್ ಬಿದ್ರೆ ಹಿಡ್ಕಳೋರ್ ಯಾರು? ಹುಷಾರಿಲ್ಲ, ಬಂದ್ ಹೋಗು ಅಂದ್ರೆ ಏನಂತ ನಾವೇ ತಿಳ್ಕಬೇಕು. ಇಷ್ಟ್ ದೊಡ್ಡೋನಾದೆ, ಅದೂ ತಿಳಿಯಲ್ವಾ?”

ಶಾಹಿದ ತಿಳಿದುಕೊಂಡ. ಜನ್ಮದಲ್ಲಿ ಮರೆಯದ ಹಾಗೆ ತಿಳಿದುಕೊಂಡ.

ಆಮೇಲೆ ಹಿರಿಯೂರಿನ ಶಾಹೀನಳನ್ನು ಮದುವೆಯಾದ, ಅಸ್ಫಿಯಾ ಹುಟ್ಟಿದಳು. ರೆಡಿಮೇಡ್ ಅಂಗಡಿಗಳು ಬಂದು ದುರ್ಗದ ಟೈಲರುಗಳು ಪ್ಯಾಂಟಿನ ಕಾಲು ಮಡಿಸುವುದಕ್ಕೆ ಇಳಿದ ಮೇಲೆ ಮಂಗಳೂರಿನ ಒಬ್ಬ ಏಜೆಂಟನ ಕಡೆಯಿಂದ ಪ್ರವಾಸಿ ಹಡಗಿನ ಕೆಲಸ ಸಿಕ್ಕಿತು. ಹಡಗಿನಲ್ಲಿ ಟೈಲರಿಗೆ ಏನು ಕೆಲಸ ಅಂತ ಬೀದಿಯವರೆಲ್ಲ ನಕ್ಕರು. ಕೆಲಸವೋ ಕೆಲಸ! ಸಾವಿರ ಚಿಲ್ಲರೆ ಆಳುಗಳ ಸಮವಸ್ತ್ರ ಒಬ್ಬನ ಕೈಯಲ್ಲಿ. ಅಡಿಗೆಯವರ ಕೋಟಿನ ಗುಂಡಿ, ಬಡಿಸುವವರ ಪ್ಯಾಂಟಿನ ಹೊಲಿಗೆ, ಅಧಿಕಾರಿಗಳ ಹೆಗಲಿನ ಪಟ್ಟಿ. ಹೊಲಿಗೆ ಕೋಣೆ ನೀರಿನ ಮಟ್ಟಕ್ಕಿಂತ ಕೆಳಗೆ.

“ಸಮುದ್ರ ಹೆಂಗೈತೋ?” ಎಂದು ಪ್ಯಾರಿ ಬೀ ಫೋನಿನಲ್ಲಿ ಕೇಳುತ್ತಿದ್ದಳು.

“ಕಂಡೋರ್ಯಾರಮ್ಮ? ನನ್ ರೂಮಿಗೆ ಕಿಟಕಿನೇ ಇಲ್ಲ.”

“ಅಯ್ಯೋ ನಿನ್ನ! ಅದಕ್ಕೆ ಅಷ್ಟು ದೂರ ಹೋದ್ಯಾ?”

ನಗುತ್ತಿದ್ದಳು. ಅವಳಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊಮ್ಮಗಳು ಅಸ್ಫಿಯಾ ಶಾಲೆಗೆ ಹೋಗುವ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗಬೇಕು. ಆಮೇಲೆ ಅಜ್ಜಿ ಕೈಯಂದಾಜಿನಲ್ಲೇ ಹೊಲಿಯುತ್ತಿದ್ದಳು. ಆಪರೇಷನ್ ಮಾಡಿಸೋಣ ಅಂತ ಹಫೀಜ್ ಎಷ್ಟು ಹೇಳಿದರೂ ಜಪ್ಪಯ್ಯ ಅನ್ನಲಿಲ್ಲ. “ಶಾಹಿದ ಬರ್ಲಿ. ಕಣ್ಣಿನ ಪಟ್ಟಿ ಬಿಚ್ಚಿದಾಗ ಮೊದ್ಲು ಅವನ ಮುಖ ಕಾಣ್ಬೇಕು” ಅಂತ ಒಂದೇ ಹಟ. ಕಿರಿಮಗ ಅಂದರೆ ಅವಳಿಗೆ ಅಷ್ಟು. ಶಾಹಿದ ಮಾತು ಕೊಟ್ಟಿದ್ದ. ಈ ಒಂಬತ್ತು ತಿಂಗಳು ಮುಗಿದ ತಕ್ಷಣ ಬರುತ್ತೇನೆ, ನಾನೇ ಕರೆದುಕೊಂಡು ಹೋಗುತ್ತೇನೆ, ಪಟ್ಟಿ ಬಿಚ್ಚುವಾಗ ಎದುರಿಗೇ ನಿಂತಿರುತ್ತೇನೆ.

ಒಂಬತ್ತು ತಿಂಗಳು ಮುಗಿದದ್ದು ಏಪ್ರಿಲ್ ತಿಂಗಳ ಒಂದು ಭಾನುವಾರ, ಅಮೆರಿಕದ ಮಯಾಮಿ ಬಂದರಿನಲ್ಲಿ. ಬೆಳಕು ಹರಿಯುವ ಹೊತ್ತಿಗೆ ಹಡಗು ಕಟ್ಟೆಗೆ ಬಂದು ನಿಂತಿತು. ಶಾಹಿದ ಸೂಟ್‌ಕೇಸು ಕಟ್ಟಿ ಮೂರು ದಿನವಾಗಿತ್ತು. ಬಟ್ಟೆಗಳ ನಡುವೆ ಅಮ್ಮನಿಗಾಗಿ ಕೊಂಡ ಪುಟ್ಟದೊಂದು ಯಂತ್ರ. ಸೂಜಿ ಇಟ್ಟು ಒತ್ತಿದರೆ ತಾನೇ ದಾರ ಪೋಣಿಸುತ್ತದೆ. ಸಂಜೆ ಏಳಕ್ಕೆ ವಿಮಾನ. ಮಂಗಳವಾರ ಬೆಂಗಳೂರು, ಅಲ್ಲಿಂದ ಬಸ್ಸು.

ಆಳುಗಳ ಲೆಕ್ಕ ನೋಡಿಕೊಳ್ಳುವ ಹೆಂಗಸು ಅವನನ್ನು ಕರೆಸಿದಳು. ಆಚೆ ಕಟ್ಟೆಯಲ್ಲಿ ತಮ್ಮದೇ ಕಂಪನಿಯ ಇನ್ನೊಂದು ಹಡಗು ನಿಂತಿದೆ, ಅದರ ಟೈಲರ್ ಮೆಟ್ಟಿಲಿನಿಂದ ಬಿದ್ದು ಮುಂಗೈ ಮುರಿದುಕೊಂಡಿದ್ದಾನೆ, ಮಧ್ಯಾಹ್ನ ನಾಲ್ಕಕ್ಕೆ ಅದು ಯುರೋಪಿಗೆ ಹೊರಡುತ್ತದೆ. ಇನ್ನು ನಾಲ್ಕು ತಿಂಗಳು ಇರುತ್ತೀಯಾ? ಬಲವಂತವಿಲ್ಲ, ನಿನ್ನ ಟಿಕೆಟ್ ನಿನ್ನ ಕೈಯಲ್ಲಿದೆ, ಅಂದಳು. ಶಾಹಿದ ನಕ್ಕು, ಆಗಲ್ಲ ಮೇಡಂ, ಅಮ್ಮನ ಕಣ್ಣಿನ ಆಪರೇಷನ್ ಇದೆ ಅಂದ. ಅವಳೂ ನಕ್ಕು ಒಳ್ಳೆಯದಾಗಲಿ ಅಂದಳು. ಅಲ್ಲಿಗೆ ಆ ಮಾತು ಮುಗಿದಿತ್ತು. ನೆನೆದರೆ ಹೊಟ್ಟೆ ಉರಿಯುತ್ತದೆ, ಮುಗಿದೇ ಹೋಗಿತ್ತು!

ಗುರುತಿನ ಚೀಟಿ ಒಪ್ಪಿಸಿ ಕೆಳಗಿಳಿದು ಕಟ್ಟೆಯ ಮೇಲೆ ಕಾಲಿಟ್ಟಾಗ ಎಂಟು ಗಂಟೆ. ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಹಫೀಜ್.

“ಶಾಹಿದಾ, ಅಮ್ಮಗೆ ಸ್ವಲ್ಪ ಹುಷಾರಿಲ್ಲ ಕಣೋ. ಬಂದ್ ಹೋಗು.”

ಶಾಹಿದನ ಕಾಲ ಕೆಳಗೆ ಕಾಂಕ್ರೀಟು ಅಲುಗಾಡಿತು. ಒಂಬತ್ತು ತಿಂಗಳು ನೀರಿನ ಮೇಲಿದ್ದವನಿಗೆ ನೆಲ ಅಲುಗಿದ ಹಾಗಾಗುವುದು ಸಹಜ, ಆದರೆ ಇದು ಅದಲ್ಲ. ಅದೇ ಅಣ್ಣ. ಅದೇ ಮಾತು. ಒಂದಕ್ಷರ ಆಚೆ ಈಚೆ ಇಲ್ಲ.

“ಫೋನ್ ಕೊಡು ಭಾಯ್ ಅಮ್ಮಗೆ.”

“ಈಗ್ತಾನೆ ಮಲಗವ್ಳೆ.”

ಹೊಸದುರ್ಗದಲ್ಲಿ ಆಗ ಸಂಜೆ ಐದೂವರೆ. ದೀಪ ಹಚ್ಚುವ ಹೊತ್ತಿನಲ್ಲಿ ಮಲಗಿದರೆ ಮನೆಗೆ ದರಿದ್ರ ಅಂತ ಸೊಸೆಯರನ್ನು ಬೈಯುವವಳು ಅಮ್ಮ; ಜ್ವರ ಬಂದರೂ ಆ ಹೊತ್ತಿನಲ್ಲಿ ಗೋಡೆಗೊರಗಿ ಕೂತಿರುವವಳು. ಅವಳು ಮಲಗಿದ್ದಾಳೆ! ಹಿಂದುಗಡೆ ಹೆಂಗಸರ ಗುಜುಗುಜು ಕೇಳುತ್ತಿತ್ತು. ಯಾರೋ ಯಾಸೀನ್ ಓದುತ್ತಿದ್ದರು, ಕಾಯಿಲೆಯವರಿಗೂ ಸತ್ತವರಿಗೂ ಓದುವ ಕುರಾನಿನ ಭಾಗ.

“ಮನೆ ತುಂಬ ಜನ ಅವ್ರಾ ಭಾಯ್?”

“ಹೂಂ, ಎಲ್ರೂ ಬಂದವ್ರೆ. ನೀನ್ ಬೇಗ ಬಾ.”

ಶಾಹಿದ ಫೋನ್ ಇಟ್ಟ. ಸೂಟ್‌ಕೇಸಿನ ಮೇಲೆ ಕುಂತ. ಸುತ್ತ ಸಾವಿರಾರು ಜನ ಟೋಪಿ ಹಾಕಿಕೊಂಡು, ಪೆಟ್ಟಿಗೆ ಎಳೆದುಕೊಂಡು, ನಗುತ್ತ ಹೋಗುತ್ತಿದ್ದರು. ಅವನು ಗಟ್ಟಿಯಾಗಿ ಅತ್ತ. ಯಾರೂ ತಿರುಗಿ ನೋಡಲಿಲ್ಲ.

ಅತ್ತು ಆದ ಮೇಲೆ ಲೆಕ್ಕ ಹಾಕಿದ. ಇಲ್ಲಿಂದ ಊರಿಗೆ ಎರಡು ದಿನ. ನಮ್ಮಲ್ಲಿ ಅಷ್ಟು ಹೊತ್ತು ಯಾರನ್ನೂ ಇಡುವುದಿಲ್ಲ. ನಾಳೆ ಬೆಳಿಗ್ಗೆಯೊಳಗೆ ಮಣ್ಣು ಮಾಡಿರುತ್ತಾರೆ. ಹೋದರೆ ಕಾಣುವುದು ಹಸಿ ಮಣ್ಣು. ಕಣ್ಣಿನ ಪಟ್ಟಿ ಬಿಚ್ಚುವುದಕ್ಕೆ ಯಾರಿದ್ದಾರೆ? ಮತ್ತೆ ಆ ಬೀದಿ, ಆ ಬಿಳಿ ಟೋಪಿಗಳ ಸಾಲು, ಮತ್ತೆ ಯಾರೋ ಬಂದು ಕೈಯಿಂದ ಮೆಲ್ಲಗೆ ಚೀಲ ಇಸಿದುಕೊಳ್ಳುವುದು. ಆಗುವುದಿಲ್ಲ, ಅಂದುಕೊಂಡ. ಇನ್ನೊಂದು ಸಲ ಆ ಬೀದಿಯಲ್ಲಿ ಹಾಗೆ ನಡೆದು ಹೋಗಲಾರೆ. ಅದಕ್ಕೆ ಹೆದರಿಕೆ ಅಂತಲೇ ಹೆಸರು, ಬೇರೆ ಹೆಸರು ಹುಡುಕಬೇಕಾಗಿಲ್ಲ. ಮನೆಗೆ ತಿರುಗಿ ಫೋನ್ ಮಾಡಿ, ನಿಜ ಹೇಳು ಭಾಯ್ ಅಂತ ಕೇಳುವುದಕ್ಕೂ ಅವನಿಗೆ ಧೈರ್ಯ ಬರಲಿಲ್ಲ. ಬಾಯಿಬಿಟ್ಟು ಯಾರೂ ಹೇಳದಿರುವ ತನಕ ಅಮ್ಮ ಎಲ್ಲೋ ಒಂಚೂರು ಉಳಿದಿದ್ದಾಳೆ ಅನ್ನಿಸುತ್ತಿತ್ತು.

ಎದ್ದು ಬಂದ ದಾರಿಯಲ್ಲೇ ವಾಪಸು ಹೋದ. ಆ ಹೆಂಗಸಿಗೆ, ಬರುತ್ತೇನೆ ಮೇಡಂ, ಆಚೆ ಹಡಗಿಗೆ ಹಾಕಿ ಅಂದ. ಅವಳು ಅವನ ಮುಖ ನೋಡಿ, ಅಮ್ಮನ ಆಪರೇಷನ್? ಅಂದಳು. ಈಗ ಬೇಕಾಗಿಲ್ಲ ಅಂದ.

ಒಂದು ಹಡಗಿನಿಂದ ಇನ್ನೊಂದಕ್ಕೆ ಕಂಪನಿಯ ವ್ಯಾನಿನಲ್ಲಿ ಹತ್ತು ನಿಮಿಷದ ದಾರಿ. ಬೆಳಿಗ್ಗೆ ಇಳಿದವನು ಹನ್ನೊಂದಕ್ಕೆ ಮತ್ತೆ ಹತ್ತಿದ. ಹತ್ತುವ ಮುಂಚೆ ಅಣ್ಣನಿಗೆ ಮೆಸೇಜ್ ಹಾಕಿದ: “ಇನ್ನೊಂದು ಹಡಗು ಹತ್ತಿದೀನಿ. ನನಗೆ ಕಾಯಬೇಡ್ರಿ. ಅಮ್ಮನದು ಎಲ್ಲ ಚೆನ್ನಾಗಿ ಮಾಡ್ರಿ.” ಮಣ್ಣು ಮಾಡುವುದಕ್ಕೆ ತನ್ನನ್ನು ಕಾಯಬೇಡಿ ಅಂತ ಅವನು ಬರೆದದ್ದು. ಬರೆದು ಫೋನ್ ಆರಿಸಿ, ಸೂಟ್‌ಕೇಸಿನ ತಳಕ್ಕೆ, ಆ ಸೂಜಿ ಯಂತ್ರದ ಪಕ್ಕಕ್ಕೆ ತುರುಕಿದ. ಶಾಹೀನಳ ಅಳು ಕೇಳುವುದಕ್ಕೆ, ನೆಂಟರ ಸಮಾಧಾನದ ಮಾತು ಓದುವುದಕ್ಕೆ ಅವನಿಂದ ಆಗುತ್ತಿರಲಿಲ್ಲ.

ಹೊಸ ಹಡಗಿನವರು ಹೊಸ ಚೀಟಿಗೆ ಫೋಟೋ ತೆಗೆದರು. ಆ ಚೀಟಿ ಇವತ್ತೂ ಅವನ ಹತ್ತಿರ ಇದೆ. ಕಣ್ಣು ಊದಿಕೊಂಡು, ತುಟಿ ಕಚ್ಚಿಕೊಂಡು ನಿಂತಿದ್ದಾನೆ. ಹಡಗು ಮುಳುಗಿದರೆ ಯಾವ ದೋಣಿಯ ಹತ್ತಿರ ನಿಲ್ಲಬೇಕು ಅಂತ ಒಬ್ಬ ತೋರಿಸಿದ. ಶಾಹಿದ ತಲೆಯಾಡಿಸಿದ. ನಾಲ್ಕಕ್ಕೆ ಹಡಗು ಹೊರಟಿತು. ಏಳಕ್ಕೆ ಅವನ ವಿಮಾನ ಅವನ ಸೀಟನ್ನು ಖಾಲಿ ಬಿಟ್ಟುಕೊಂಡು ಹೋಯಿತು.

ಹದಿನಾಲ್ಕು ದಿನ ಬರೀ ನೀರು. ಎರಡನೇ ಹಡಗಿನ ಹೊಲಿಗೆ ಕೋಣೆಗೂ ಕಿಟಕಿ ಇರಲಿಲ್ಲ. ಹಿಂದಿನ ಟೈಲರ್ ಅರ್ಧಕ್ಕೆ ಬಿಟ್ಟ ಅರವತ್ತು ಪ್ಯಾಂಟುಗಳು ಗುಡ್ಡೆ ಬಿದ್ದಿದ್ದವು. ಶಾಹಿದ ಹೊಲಿದ. ಮೂರನೇ ದಿನ ಕೈಕಾಲು ಮುಖ ತೊಳೆದು, ಊಟದ ಮನೆಯಿಂದ ತಂದ ನಾಲ್ಕು ಖರ್ಜೂರವನ್ನು ಇಸ್ತ್ರಿ ಮೇಜಿನ ಮೇಲಿಟ್ಟು, ಅಮ್ಮನ ಹೆಸರಿನಲ್ಲಿ ಫಾತಿಹಾ ಓದಿದ. ಖರ್ಜೂರವನ್ನು ಲಾಂಡ್ರಿಯವರಿಗೆ ಹಂಚಿದ. ಏನು ವಿಶೇಷ ಅಂದರೆ ಅಮ್ಮ ತೀರಿಕೊಂಡಳು ಅಂದ. ಅವನೇ, ಅವನ ಬಾಯಲ್ಲೇ, ಅಂದ. ಹತ್ತನೇ ದಿನವೂ ಓದಿದ. ರಾತ್ರಿ ಪಾಳಿ ಮುಗಿದ ಮೇಲೆ ಅವಳು ಹೊಲಿದು ಕೊಟ್ಟ ಕೌದಿ ಮುಖದ ತನಕ ಎಳೆದುಕೊಂಡು ಬಿದ್ದಿರುತ್ತಿದ್ದ.

ಹದಿನಾಲ್ಕನೇ ದಿನ ಹಡಗು ಸ್ಪೇನಿನ ಒಂದು ಬಂದರು ಸೇರಿತು. ಎಲ್ಲರೂ ಮನೆಗೆ ಮಾತಾಡುತ್ತಿದ್ದರು. ಇನ್ನೆಷ್ಟು ದಿನ ತಪ್ಪಿಸಿಕೊಳ್ಳಲಿ ಅಂತ ಶಾಹಿದನೂ ಕಟ್ಟೆಯ ಮೇಲೆ ಒಂದು ಬೆಂಚು ಹಿಡಿದು ಕೂತು ಆರಿಸಿಟ್ಟ ಫೋನ್ ಆನ್ ಮಾಡಿದ. ಮೆಸೇಜುಗಳು ದಬದಬ ಬಂದು ಬಿದ್ದವು. ಮೊದಲನೆಯದರಿಂದ ಶುರು ಮಾಡಿದ.

ಅವನು ಹಡಗು ಹತ್ತಿದ ದಿನ ಹಫೀಜ್: “ಆಯ್ತಪ್ಪ. ಕಾಯಲ್ಲ. ಹಡಗೇ ದೊಡ್ಡದಾಯ್ತು ನಿನಗೆ.”

ಮರುದಿನ ಶಾಹೀನ್, ಧ್ವನಿಯಲ್ಲಿ: “ಯಾಕ್ರಿ ಹಿಂಗ್ ಮಾಡಿದ್ರಿ? ಅತ್ತೆಗೆ ಎದೇಲಿ ನೀರು ತುಂಬೈತಂತೆ. ನಿನ್ನೆ ಡಾಕ್ಟ್ರು ಮನೆಗೇ ಬಂದು ಸೂಜಿ ಹಾಕಿ ಮಲಗಿಸಿದ್ರು. ಈಗ ಎಚ್ಚರ ಆಗೈತೆ. ನಿಮ್ಮನ್ನೇ ಕೇಳ್ತಾವ್ರೆ.”

ಶಾಹಿದ ಅದನ್ನು ಮತ್ತೆ ಹಾಕಿದ. ಮತ್ತೆ ಹಾಕಿದ. ತಾರೀಕು ನೋಡಿದ.

ಮುಂದಿನದು ಐದನೇ ದಿನದ್ದು. ಒತ್ತಿದ. ಮೊದಲು ಕೆಮ್ಮು. ಆಮೇಲೆ ಅಸ್ಫಿಯಾಳ ದನಿ, “ಮಾತಾಡಜ್ಜಿ, ಕೆಂಪಗೆ ಬಂತು ನೋಡು.” ಆಮೇಲೆ ಅಮ್ಮ.

“ಶಾಹಿದಾ... ಊಟ ಮಾಡಿದ್ಯೇನಪ್ಪ? ನಾನ್ ಚೆನ್ನಾಗಿದೀನಿ. ಸ್ವಲ್ಪ ಹುಷಾರಿಲ್ಲ ಅಷ್ಟೇಯ. ನೀನ್ ಬಂದ್ ಬಿಡು. ಪಟ್ಟಿಗಿಟ್ಟಿ ಬ್ಯಾಡ, ಹಂಗೇ ಮುಟ್ಟಿ ನೋಡ್ತೀನಿ.”

ಮೂರನೇ ದಿನದ ಫಾತಿಹಾ ಓದಿ ಎರಡು ದಿನವಾಗಿತ್ತು ಆಗ. ಅವನು ಸತ್ತಳು ಅಂದುಕೊಂಡವಳು ಊಟ ಮಾಡಿದೆಯಾ ಅಂತ ಕೇಳುತ್ತಿದ್ದಳು! ಶಾಹಿದ ಬೆಂಚಿನಿಂದ ಎದ್ದ, ಕುಂತ, ಎದ್ದ. ಈಗಲೇ ಫೋನ್ ಮಾಡುತ್ತೇನೆ, ಈಗಲೇ ಹೊರಡುತ್ತೇನೆ ಅಂತ ಪರದೆಯನ್ನು ಕೆಳಗೆ ಸರಿಸಿದ. ಕೊನೆಯದು ಹಫೀಜನದು, ಎರಡು ದಿನದ ಹಿಂದಿನದು.

“ಅಮ್ಮ ಹೋದ್ಲು. ಮಧ್ಯಾಹ್ನ ಎರಡೂವರೆಗೆ. ನಿನಗೆ ಕಾಯಲಿಲ್ಲ.”

ಕಂಪನಿಯವರು ಒಳ್ಳೆಯವರೇ ಅನ್ನಬೇಕು, ಬೇರೆ ಟೈಲರ್ ಸಿಕ್ಕ ಕೂಡಲೇ ಬಿಟ್ಟು ಕಳಿಸಿದರು. ಆದರೂ ಅವನು ಊರು ಸೇರುವಾಗ ಅಮ್ಮ ಹೋಗಿ ಹದಿನೆಂಟು ದಿನ. ಬೀದಿಯಲ್ಲಿ ಬಿಳಿ ಟೋಪಿ ಇರಲಿಲ್ಲ, ಮಾಮೂಲಿನಂತೆ ಬೈಕುಗಳು ಓಡಾಡುತ್ತಿದ್ದವು. ಗೋರಿಯ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಮನೆಯಲ್ಲಿ ಅಸ್ಫಿಯಾ ಹತ್ತು ಸೂಜಿಗಳಿದ್ದ ದಿಂಬನ್ನು ತಂದು ತೋರಿಸಿದಳು, ಅವಳಿಗೆ ಅಳು ಬಂತು.

ಹಫೀಜ್ ಮಾತಾಡಲಿಲ್ಲ. ಎರಡು ದಿನ ತಮ್ಮನ ಎದುರಿಗೆ ಕೂತು ಉಂಡ, ಒಂದು ಮಾತಿಲ್ಲ. ಮೂರನೇ ದಿನ ಶಾಹಿದನೇ ಬಾಯಿಬಿಟ್ಟ. ಬಂದರಿನ ಕಟ್ಟೆಯ ಮೇಲೆ ಏನಂದುಕೊಂಡೆ, ಯಾಕೆ ಅಂದುಕೊಂಡೆ, ಮೋಸಂಬಿಯಿಂದ ಹಿಡಿದು ಎಲ್ಲ ಹೇಳಿದ. ಹಫೀಜ್ ಬಿಟ್ಟ ಬಾಯಿ ಬಿಟ್ಟ ಹಾಗೇ ಕೇಳಿದ.

“ಅಲ್ಲಲೇ, ಹುಷಾರಿಲ್ಲದೋಳ್ನ ಹುಷಾರಿಲ್ಲ ಅನ್ನದೆ ಇನ್ನೇನ್ ಅನ್ಲಿ ನಾನು?” ಅಂದ. “ಮಲಗಿದ್ಲು ಕಣೋ. ಸೂಜಿ ಹಾಕಿದ್ರು, ನಿಜವಾಗ್ಲೂ ಮಲಗಿದ್ಲು.”

ನಿಜ ಹೇಳುವುದಕ್ಕೂ ಸುಳ್ಳು ಹೇಳುವುದಕ್ಕೂ ಒಂದೇ ಮಾತು ಇಟ್ಟುಕೊಂಡ ಊರಿನಲ್ಲಿ ಯಾರನ್ನು ಬೈಯುವುದು? ಅಣ್ಣ ತಮ್ಮಂದಿರು ಎದ್ದು ಬಂದು ಜಗಲಿಯ ಮೇಲೆ ಕೂತರು. ಇದಕ್ಕಿಂತ ಕೆಟ್ಟದ್ದು ಇನ್ನೇನಿದೆ ಅಂತ ಶಾಹಿದ ಅಂದುಕೊಂಡಿದ್ದ. ಇತ್ತು. ಅದು ತಲೆಯ ಮೇಲೆ ಹುಣಸೆಹಣ್ಣಿನ ಬುಟ್ಟಿ ಹೊತ್ತುಕೊಂಡು ಬೀದಿಯ ತಿರುವಿನಲ್ಲಿ ಬರುತ್ತಿತ್ತು.

ಊರಾಚೆಯ ಹಟ್ಟಿಯ ಹುಚ್ಚಕ್ಕ ಅದು, ಕುರಿ ಮೇಯಿಸುವವರ ಮನೆಯ ಮುದುಕಿ. ಪ್ಯಾರಿ ಬೀಗೂ ಅವಳಿಗೂ ನಲವತ್ತು ವರ್ಷದ ಗೆಳೆತನ. ಪ್ರತಿ ಸಂತೆಗೆ ಬಂದಾಗ ಈ ಜಗಲಿಯ ಮೇಲೆ ಬುಟ್ಟಿ ಇಳಿಸಿ, ಎಲೆ ಅಡಿಕೆ ಹಾಕಿಕೊಂಡು, ಇಬ್ಬರೂ ಗಂಟೆಗಟ್ಟಲೆ ಹರಟುತ್ತಿದ್ದರು. ಗೆಳತಿ ಹೋದ ಮೇಲೆ ಇದೇ ಮೊದಲ ಸಲ ಬಂದಿದ್ದಳು. ಕಾಲಿಗೆ ಏಟಾಗಿ ಮಣ್ಣಿಗೂ ಬರಲಾಗಿರಲಿಲ್ಲ.

ಬಂದವಳು ಜಗಲಿಯ ಮೇಲೆ ಕೂತ ಶಾಹಿದನನ್ನು ನೋಡಿದಳು. ಬುಟ್ಟಿ ಕೈಜಾರಿ ಬಿತ್ತು. ಹುಣಸೆಹಣ್ಣು ಬೀದಿಗೆಲ್ಲ ಚೆಲ್ಲಿತು.

“ಅಯ್ಯಯ್ಯಪ್ಪ! ನೀನು... ನೀನ್ ಇದೀಯೇನಪ್ಪ?”

“ಇದೀನಿ ಹುಚ್ಚಕ್ಕ. ಯಾಕ್ ಹಂಗಂತಿಯಾ? ಬಾ, ಕುಂತ್ಕ.”

ಅವಳು ಕೂರಲಿಲ್ಲ. ಹತ್ತಿರ ಬಂದು ಅವನ ಮುಖ, ಭುಜ, ಕೈಬೆರಳು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ನೆಲದ ಮೇಲೇ ಕುಸಿದು ಕೂತು, ಸೆರಗು ಬಾಯಿಗೆ ಇಟ್ಟುಕೊಂಡಳು.

“ನೀನ್ ಹೋದೆ ಅಂದಿದ್ಲಲ್ಲಪ್ಪ ನಿಮ್ಮವ್ವ.”

“ಎಲ್ಲಿಗೆ?”

“ಸಮುದ್ರದಾಗೆ. ಸತ್ತೋದೆ ಅಂತ.”

ಶಾಹಿದನಿಗೆ ಅರ್ಥವಾಗಲಿಲ್ಲ. ಹಫೀಜನಿಗೆ ಆಯಿತು, ಅವನು ಜಗಲಿಯ ಕಂಬ ಹಿಡಿದುಕೊಂಡ. ಹುಚ್ಚಕ್ಕ ಅಳುತ್ತಲೇ ಹೇಳಿದಳು. ಅವಳು ಕಡೇ ಸಲ ನೋಡಲು ಬಂದದ್ದು ಪ್ಯಾರಿ ಬೀ ಹೋಗುವ ಮೂರು ದಿನ ಮುಂಚೆ. ಮನೆಯವರು ಒಳಗೆ ಟೀ ಮಾಡುವಾಗ ಪ್ಯಾರಿ ಬೀ ಅವಳನ್ನು ಹತ್ತಿರ ಎಳೆದುಕೊಂಡು ಕಿವಿಯಲ್ಲಿ ಹೇಳಿದ್ದಳು.

“‘ಹುಚ್ಚೀ, ನನ್ ಚಿಕ್ಕಮಗ ಹೋಗ್ಬಿಟ್ಟ ಕಣೆ. ಫೋನ್‌ನಾಗೆ ಮಾತಾಡಿ ಕಳ್ಸಿದ್ರೂ ಉತ್ರ ಇಲ್ಲ. ಯಾಕೆ ಅಂತ ಹಫೀಜನ್ನ ಕೇಳಿದ್ರೆ ಅವನು ಆ ಕಡೆ ಮುಖ ತಿರುಗಿಸ್ಕಂಡು, ಅವನಿಗೆ ಸ್ವಲ್ಪ ಹುಷಾರಿಲ್ಲಮ್ಮ, ಹಡಗ್ನಲ್ಲಿ ಮಲಗವ್ನೆ ಅಂದ. ನಂಗೆ ತಿಳಿಯಲ್ವೇನೆ? ಇವರಪ್ಪ ಹೋದಾಗ ಆ ಮಾತು ಹೇಳ್ಸಿದೋಳೇ ನಾನು’ ಅಂದ್ಲು.”

ಹಫೀಜ್ ಕಂಬಕ್ಕೆ ಹಣೆ ಹಚ್ಚಿದ. “ನಿನ್ ಮಾನ ಉಳ್ಸಾಕೆ ಅಂದಿದ್ದು ಕಣೋ” ಅಂದ. “ನಿನ್ ಮಗ ಬರಲ್ಲ ಅಂದ ಅಂತ ಹೆಂಗ್ ಹೇಳ್ಲಿ ಅವಳಿಗೆ? ಅದಕ್ಕೆ ಅಂದೆ. ಆವತ್ತಿಂದ ಅವಳು ನಿನ್ ಹೆಸ್ರು ಎತ್ತಲಿಲ್ಲ. ಸಿಟ್ಟು ಬಂದೈತೆ ಅನ್ಕಂಡೆ ನಾನು.”

“ಸಿಟ್ಟಲ್ಲಪ್ಪ” ಅಂದಳು ಹುಚ್ಚಕ್ಕ. “‘ಮನೇರು ಕಷ್ಟಪಟ್ಟು ನನ್ನಿಂದ ಮುಚ್ಚಿಡ್ತಾವ್ರೆ, ಗೊತ್ತು ಅಂದ್ರೆ ಅವ್ರಿಗೂ ಸಂಕ್ಟ. ನಾನೂ ಗೊತ್ತಿಲ್ಲದೋಳಂಗೆ ಇದೀನಿ, ನೀನೂ ಯಾರ ಹತ್ರಾನೂ ಆಡ್ಬೇಡ’ ಅಂತ ನನ್ ಕೈ ಹಿಡ್ದು ಮಾತು ಇಸ್ಕಂಡ್ಲು. ನಾನು ಯಾರ ಹತ್ರಾನೂ ಆಡ್ಲಿಲ್ಲ. ಆಡಿದ್ರೆ... ಅಯ್ಯೋ ನನ್ ಬಾಯಿಗೆ ಮಣ್ಣಾಕ!”

ಶಾಹೀನ್ ಬಂದು ಬೀದಿಯಲ್ಲಿ ಬಿದ್ದ ಹುಣಸೆಹಣ್ಣು ಆರಿಸತೊಡಗಿದಳು.

“ಇನ್ನೇನಂದ್ಲು ಹುಚ್ಚಕ್ಕ?” ಅಂತ ಶಾಹಿದ ಕೇಳಿದ. ಕೇಳಬಾರದಿತ್ತು.

“ನಾನ್ ಅತ್ತೆ. ಅವಳೇ ನನ್ನ ಸಮಾಧಾನ ಮಾಡಿದ್ಲು. ‘ಅಳಬ್ಯಾಡ ಕಣೆ. ಅವನು ಅಲ್ಲಿ ಒಬ್ನೇ ಅವ್ನೆ, ನಾನ್ ಹೋದ್ರೆ ಜೊತೆ ಆಗ್ತೀನಿ. ಅಲ್ಲಿ ಕಣ್ಣೂ ಕಾಣ್ತವಂತೆ, ಮೊದ್ಲು ಅವನ ಮುಖಾನೇ ನೋಡ್ತೀನಿ’ ಅಂದ್ಲು. ನಗ್ತಾನೇ ಅಂದ್ಲಪ್ಪ.”

ಶಾಹಿದ ಜಗಲಿಯ ಮೇಲೆ ಕೂತೇ ಇದ್ದ. ಅವನಿಗೆ ಏನೂ ಆಗಿರಲಿಲ್ಲ, ಗಟ್ಟಿಮುಟ್ಟಾಗಿದ್ದ. ಅಮ್ಮ ಒಬ್ಬಳೇ ಹೋಗಿದ್ದಳು.